10:40ರ ತಡೆ: ಮನೆಯ ಫೈಬರ್ ಸಂಪರ್ಕದ ವಿಳಂಬವನ್ನು ಹುಡುಕಿದ ಏಳು ವಾರಗಳ ದಾಖಲೆ

2025ರ ಜೂನ್ ಎರಡನೆಯ ವಾರದಲ್ಲಿ ನಾನು ನಮೂದಿಸಿದ ಒಂದು ಪಾವತಿ ವೋಚರಿನಲ್ಲಿ 45,000 ರೂಪಾಯಿ ಇರಬೇಕಾದ ಕಡೆ 4,50,000 ಎಂದು ದಾಖಲಾಯಿತು. ಸಾಗರ ತಾಲ್ಲೂಕಿನ ಹಳ್ಳಿಮನೆಯಲ್ಲಿ ಕುಳಿತು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬೆಂಗಳೂರಿನ ಕಚೇರಿಯ ಸರ್ವರಿಗೆ ಹೊಕ್ಕು ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಅಂದು 45 ಒತ್ತಿ ಮೂರು ಸೊನ್ನೆ ಒತ್ತಿದ ಮೇಲೂ ಪರದೆಯ ಮೇಲೆ ಎರಡೇ ಸೊನ್ನೆ ಕಾಣುತ್ತಿದ್ದುದರಿಂದ ಬೆರಳು ಜಾರಿರಬೇಕೆಂದು ಇನ್ನೊಂದು ಸೊನ್ನೆ ಒತ್ತಿ ಎಂಟರ್ ಹೊಡೆದೆ. ತಡವಾಗಿ ಹೊರಟ ಸೊನ್ನೆಯೂ ಹೊಸದಾಗಿ ಒತ್ತಿದ ಸೊನ್ನೆಯೂ ಒಟ್ಟಿಗೆ ಬಂದು ಕುಳಿತವು. ಬ್ಯಾಂಕ್ ತಾಳೆ ನೋಡುವಾಗ ಅದು ಸಿಕ್ಕಿಬಿದ್ದದ್ದರಿಂದ ಹಾನಿಯಾಗಲಿಲ್ಲ, ಆದರೆ ಇನ್ನು ಇದನ್ನು ಹೀಗೆಯೇ ಬಿಡುವಂತಿಲ್ಲವೆಂದು ಅಂದೇ ತೀರ್ಮಾನಿಸಿದೆ.

ಸಂಪರ್ಕದ ವಿವರ ಹೀಗಿದೆ. ಯೋಜನೆ 50 ಎಂಬಿಪಿಎಸ್‌ನದು, ತಿಂಗಳಿಗೆ ತೆರಿಗೆ ಸೇರಿ 590 ರೂಪಾಯಿ. ರಸ್ತೆಯ ಕಂಬದ ಮೇಲಿನ ಪೆಟ್ಟಿಗೆಯಿಂದ ಮನೆಗೆ ಸುಮಾರು 180 ಮೀಟರ್ ಡ್ರಾಪ್ ಕೇಬಲ್ ತೋಟದ ಅಂಚಿನಲ್ಲಿ ಮರದಿಂದ ಮರಕ್ಕೆ ಬರುತ್ತದೆ. ಜಗಲಿಯ ಗೋಡೆಯ ಮೇಲೆ ಕಂಪನಿಯವರು ಕೊಟ್ಟ ಓಎನ್‌ಟಿ (ಫೈಬರಿನ ಬೆಳಕನ್ನು ಇಂಟರ್ನೆಟ್ ಸಂಪರ್ಕವಾಗಿಸುವ ಪೆಟ್ಟಿಗೆ) ಇದೆ, ಅದೇ ವೈಫೈಯನ್ನೂ ಕೊಡುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ ಇಳಿಕೆ (ಡೌನ್‌ಲೋಡ್) 48, ಏರಿಕೆ (ಅಪ್‌ಲೋಡ್) 19 ಎಂಬಿಪಿಎಸ್ ಬರುತ್ತಿತ್ತು. ಅರ್ಜಿ ತುಂಬಿಸಿಕೊಳ್ಳುವಾಗ ಏರಿಕೆಯ ವೇಗದ ಬಗ್ಗೆ ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬೆಳಗಿನ ಹೊತ್ತು, ಹೆಚ್ಚಾಗಿ ಹತ್ತೂವರೆಯಿಂದ ಹನ್ನೊಂದೂವರೆಯೊಳಗೆ, ಮೌಸ್ ತೇಲುವುದು, ಅಕ್ಷರ ತಡವಾಗುವುದು, ಮೀಟಿಂಗಿನಲ್ಲಿ ನನ್ನ ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸುವುದು ಇವೆಲ್ಲ ನಡೆಯುತ್ತಿದ್ದವು. ಅದೇ ಹೊತ್ತಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೂ ಇಳಿಕೆಯ ಅಂಕಿ ಚೆನ್ನಾಗಿಯೇ ಇರುತ್ತಿತ್ತು.

ಹಂತ 1. ಜೂನ್ 14: ಮೊದಲ ಅಳತೆ

3 ಮೀಟರಿನ ಲ್ಯಾನ್ ಕೇಬಲ್ ಒಂದನ್ನು 150 ರೂಪಾಯಿಗೆ ತಂದು, ಶನಿವಾರ ರಾತ್ರಿ ಎಲ್ಲರ ಮೊಬೈಲುಗಳ ವೈಫೈ ಆರಿಸಿ, ಲ್ಯಾಪ್‌ಟಾಪನ್ನು ನೇರವಾಗಿ ಓಎನ್‌ಟಿಗೆ ಸಿಕ್ಕಿಸಿ ಅಳೆದೆ. ಓಎನ್‌ಟಿಯ ವಿಳಾಸವಾದ 192.168.1.1ಕ್ಕೆ 100 ಪಿಂಗ್ (ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಸಣ್ಣ ಸಂದೇಶ) ಕಳಿಸಿದಾಗ ಎಲ್ಲವೂ 1 ಮಿಲಿಸೆಕೆಂಡಿನೊಳಗೆ ಮರಳಿದವು. ಹೊರಗಿನ ಗೂಗಲ್ ಸರ್ವರಿನ ವಿಳಾಸವಾದ 8.8.8.8ಕ್ಕೆ ಕಳಿಸಿದ ನೂರರಲ್ಲಿ ಕನಿಷ್ಠ 11, ಸರಾಸರಿ 14, ಗರಿಷ್ಠ 38 ಮಿಲಿಸೆಕೆಂಡು ಬಂದು, ಎರಡು ಪಿಂಗ್ ಕಳೆದುಹೋದವು. ಬಳಿಕ ಲ್ಯಾಪ್‌ಟಾಪನ್ನು ನಾನು ಕೆಲಸ ಮಾಡುವ ಮಾಳಿಗೆಯ ಕೋಣೆಗೆ ಒಯ್ದು ವೈಫೈಯಲ್ಲಿ ಅದೇ ಪರೀಕ್ಷೆ ಮಾಡಿದಾಗ ಸರಾಸರಿ 46, ಗರಿಷ್ಠ 310 ಬಂತು.

ಇಲ್ಲಿ ನನ್ನ ಮೊದಲ ತಪ್ಪು. 310 ಎಂಬ ಅಂಕಿಯನ್ನು ಕಂಡ ಕೂಡಲೇ ಕಳ್ಳ ಸಿಕ್ಕಿದನೆಂದು ಸಂತೋಷಪಟ್ಟೆ. ತೊಂದರೆ ಬರುವುದು ಬೆಳಿಗ್ಗೆ, ನಾನು ಅಳೆದದ್ದು ಎಲ್ಲವೂ ಸುಮ್ಮನಿದ್ದ ರಾತ್ರಿ ಎಂಬುದು ಹೊಳೆಯಲಿಲ್ಲ. ಕಳೆದುಹೋದ ಎರಡು ಪಿಂಗ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹಂತ 2. ಜೂನ್ 15ರಿಂದ 18: ವೈಫೈಯ ಬೆನ್ನು ಹತ್ತಿದ್ದು

ನಮ್ಮದು ಹಳೆಯ ಮನೆ. ಕೆಂಪುಕಲ್ಲಿನ ಗೋಡೆಗಳು ಹದಿನೆಂಟು ಅಂಗುಲ ದಪ್ಪವಿವೆ, ಮಾಳಿಗೆಯ ನೆಲ ಮಣ್ಣು ತುಂಬಿದ ಹಲಗೆಯದು. ಜಗಲಿಯ ವೈಫೈ ಮೇಲಕ್ಕೆ ಬರುವಷ್ಟರಲ್ಲಿ ಸೊರಗುವುದು ಸಹಜ. 2,899 ರೂಪಾಯಿ ಕೊಟ್ಟು ಎರಡು ಬ್ಯಾಂಡಿನ ಹೊಸ ರೂಟರ್ ತರಿಸಿ ಮೆಟ್ಟಿಲ ಬಳಿ ಇಟ್ಟೆ. ಮಾಳಿಗೆಯಲ್ಲಿ ಓಎನ್‌ಟಿಯವರೆಗಿನ ಪಿಂಗ್ ಸರಾಸರಿ 5 ಮಿಲಿಸೆಕೆಂಡಿಗೆ ಇಳಿಯಿತು. ಸೋಮವಾರ ಮತ್ತು ಮಂಗಳವಾರ ಎಲ್ಲವೂ ಸರಿಯಿತ್ತು. ಬುಧವಾರ, ಜೂನ್ 18ರಂದು 10:40ಕ್ಕೆ ಮೌಸ್ ಮತ್ತೆ ತೇಲತೊಡಗಿತು.

ಅಂದು ಸಂಜೆಯೇ 20 ಮೀಟರ್ ಕ್ಯಾಟ್ 6 ಕೇಬಲ್ ಮತ್ತು ಎರಡು ಕನೆಕ್ಟರ್‌ಗಳನ್ನು 620 ರೂಪಾಯಿಗೆ ತಂದು, ಜಗಲಿಯಿಂದ ಜಂತಿಯ ಮೇಲೆ ಹಾಯಿಸಿ ಮಾಳಿಗೆಗೆ ಎಳೆದೆ. ಇದನ್ನು ಮೊದಲೇ ಮಾಡಿದ್ದರೆ ರೂಟರ್ ಕೊಳ್ಳುವ ಪ್ರಮೇಯವೇ ಇರಲಿಲ್ಲ. ವೈಫೈಯ ತೊಂದರೆ ಇದ್ದದ್ದು ನಿಜ, ಆದರೆ ನನ್ನ ಸೊನ್ನೆಗಳನ್ನು ತಡೆಯುತ್ತಿದ್ದದ್ದು ಅದಲ್ಲ. ಈ ನಡುವೆ ಒಬ್ಬ ಮಿತ್ರರು ಹೇಳಿದರೆಂದು ಜಾಲತಾಣದ ಹೆಸರನ್ನು ಅಂಕಿಯ ವಿಳಾಸವಾಗಿಸುವ ಡಿಎನ್‌ಎಸ್ ಸರ್ವರಿನ ವಿಳಾಸವನ್ನು 1.1.1.1ಕ್ಕೆ ಬದಲಿಸಿಯೂ ನೋಡಿದೆ. ಪಿಂಗ್‌ನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ಆಗಲು ಕಾರಣವೂ ಇರಲಿಲ್ಲ.

ಹಂತ 3. ಜೂನ್ 20ರಿಂದ 24: ಬೆಳಕಿನ ಲೆಕ್ಕ

20ರ ರಾತ್ರಿ ಗಾಳಿಮಳೆ ಜೋರಾಗಿದ್ದಾಗ ಓಎನ್‌ಟಿಯ ಮೇಲಿನ ಎಲ್‌ಒಎಸ್ ದೀಪ (ಬೆಳಕಿನ ಸಂಕೇತ ಬಾರದಿದ್ದರೆ ಕೆಂಪಾಗುವುದು) ಎರಡು ಸಲ ಕೆಂಪಾಗಿ ಮಿನುಗಿದ್ದನ್ನು ಕಂಡೆ. ಓಎನ್‌ಟಿಯ ಪುಟದಲ್ಲಿ ಆಪ್ಟಿಕಲ್ ಮಾಹಿತಿಯ ಭಾಗ ತೆರೆದು ನೋಡಿದರೆ ಒಳಬರುವ ಬೆಳಕಿನ ಮಟ್ಟ -26.8 ಡಿಬಿಎಂ (ಬೆಳಕಿನ ಬಲದ ಅಳತೆ) ಇತ್ತು. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಜಿಪಾನ್ ಎಂಬ ಬಗೆಯ ಫೈಬರ್ ಸಾಧನಗಳು -27ರವರೆಗೆ ಮಾತ್ರ ಭರವಸೆಯಿಂದ ಓದಬಲ್ಲವು. ಅಂದರೆ ನಮ್ಮ ಸಂಪರ್ಕ ಕಟ್ಟೆಯ ಅಂಚಿನಲ್ಲಿ ನಿಂತಿತ್ತು, ಗಾಳಿ ಬೀಸಿದರೆ ಕೆಳಗೆ ಬೀಳುತ್ತಿತ್ತು. ಈ ಅಂಕಿಗಳು ಋಣದಲ್ಲಿರುವುದರಿಂದ -20 ಒಳ್ಳೆಯದು, -27 ಕೆಟ್ಟದ್ದು. ಮೊದಲ ಸಲ ನಾನು ಇದನ್ನು ತಿರುವುಮುರುವಾಗಿ ಓದಿಕೊಂಡು ಹತ್ತು ನಿಮಿಷ ಸಮಾಧಾನದಿಂದಿದ್ದೆ.

21ರಂದು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಓಎನ್‌ಟಿಯ ಹಸಿರು ಕನೆಕ್ಟರನ್ನು ಬಿಚ್ಚಿ ಅದರ ತುದಿಯನ್ನು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಸಿಕ್ಕಿಸಿದೆ. ಮಟ್ಟ -28.2ಕ್ಕೆ ಇಳಿದು ಸಂಪರ್ಕ ಹೋಗಿಬಂದು ಮಾಡತೊಡಗಿತು. ಬೆಳಕು ಹಾಯುವ ಗಾಜಿನ ಎಳೆಯ ತಿರುಳು ಒಂದು ಮಿಲಿಮೀಟರಿನ ನೂರನೆಯ ಭಾಗಕ್ಕಿಂತಲೂ ಸಣ್ಣದಾಗಿರುವುದರಿಂದ ಬಟ್ಟೆಯ ಒಂದು ನಾರು ಅದಕ್ಕೆ ಮರದ ದಿಮ್ಮಿ ಅಡ್ಡ ಬಿದ್ದಂತೆ. ಸಾಗರ ಪೇಟೆಗೆ ಹೋಗಿ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನಾರು ಬಿಡದ ಕಾಗದವನ್ನು 240 ರೂಪಾಯಿಗೆ ತಂದು, ಕಾಗದದ ಒಂದು ಮೂಲೆ ತೇವ ಮಾಡಿ ಒಂದೇ ದಿಕ್ಕಿಗೆ ಒರೆಸಿ, ಒಣ ಮೂಲೆಯಿಂದ ಮತ್ತೊಮ್ಮೆ ಒರೆಸಿದ ಮೇಲೆ -26.6ಕ್ಕೆ ಮರಳಿತು. ಇದನ್ನು ಮಾಡುವವರು ಒಂದು ಮಾತು ನೆನಪಿಡಬೇಕು: ಬಿಚ್ಚಿದ ಕೇಬಲ್ಲಿನ ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಬಾರದು, ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ.

ಅದೇ ಅಂಗಡಿಯಲ್ಲಿ ಗೋಡೆಯ ಪೆಟ್ಟಿಗೆಯಿಂದ ಓಎನ್‌ಟಿಗೆ ಬರುವ ಪ್ಯಾಚ್ ಕಾರ್ಡ್ ಹೊಸದು ಕೇಳಿದೆ. ಅವರು ಕೊಟ್ಟದ್ದು ನೀಲಿ ಕನೆಕ್ಟರಿನದು, ಬೆಲೆ 180. ಬಣ್ಣ ಅಲಂಕಾರಕ್ಕಿರಬಹುದೆಂದು ಭಾವಿಸಿ ಸಿಕ್ಕಿಸಿದರೆ ಎಲ್‌ಒಎಸ್ ದೀಪ ಕೆಂಪಾಗಿ ನಿಂತುಬಿಟ್ಟಿತು. ಹಸಿರು ಕನೆಕ್ಟರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೇರ. ಎರಡನ್ನೂ ಎದುರುಬದುರು ಒತ್ತಿದರೆ ನಡುವೆ ಸಂದು ಉಳಿದು ಬೆಳಕು ಸೋರಿಹೋಗುತ್ತದೆ, ಗೀರು ಬೀಳುವ ಭಯವೂ ಇದೆ. ಮರುದಿನ 220 ರೂಪಾಯಿಗೆ ಹಸಿರು ತುದಿಯದು ತಂದೆ. ನೀಲಿಯದು ಇನ್ನೂ ಮೇಜಿನ ಸೆಳೆಖಾನೆಯಲ್ಲಿದೆ.

23ರಂದು ಲೈನ್‌ಮನ್ ಪವರ್ ಮೀಟರ್ ಸಮೇತ ಬಂದರು. ಕಂಬದ ಪೆಟ್ಟಿಗೆಯಲ್ಲಿ -19.6, ಮನೆಯೊಳಗೆ -26.8. ಫೈಬರಿನಲ್ಲಿ ಒಂದು ಕಿಲೋಮೀಟರಿಗೂ ಅರ್ಧ ಡಿಬಿ ನಷ್ಟವಾಗಬಾರದು. ಇಲ್ಲಿ 180 ಮೀಟರಿನಲ್ಲಿ 7 ಡಿಬಿ ಹೋಗಿತ್ತು, ಅಂದರೆ ಕಂಬದಲ್ಲಿದ್ದ ಬೆಳಕಿನ ಐದರಲ್ಲಿ ಒಂದು ಪಾಲು ಮಾತ್ರ ಮನೆ ಮುಟ್ಟುತ್ತಿತ್ತು. ಅವರು ಕೆಂಪು ಬೆಳಕಿನ ಪೆನ್ನನ್ನು ಮನೆಯ ತುದಿಗೆ ಸಿಕ್ಕಿಸಿ, ಮೊದಲು ಜಗಲಿಯ ಕಿಟಕಿಯ ಬಳಿ ನಿಂತರು. ಕೇಬಲ್ ಕಿಟಕಿಯ ಚೌಕಟ್ಟಿನಡಿಯಲ್ಲಿ ನುಸುಳಿ ಒಳಬರುವಲ್ಲಿ ಬಾಗಿಲು ಮುಚ್ಚಿದಾಗಲೆಲ್ಲ ಚಪ್ಪಟೆಯಾಗಿ ಮಡಿಚಿಕೊಳ್ಳುತ್ತಿತ್ತು. ಆ ಮಡಿಕೆಯಲ್ಲಿ ಬಿಳಿಯ ಹೊದಿಕೆಯ ಒಳಗಿಂದ ಕುಂಕುಮದ ಬೊಟ್ಟಿನಂತೆ ಕೆಂಪು ಬೆಳಕು ಒಸರುತ್ತಿತ್ತು. ಚೌಕಟ್ಟಿನಲ್ಲಿ ತೂತು ಕೊರೆದು ಕೇಬಲ್ಲನ್ನು ದೊಡ್ಡ ಬಳಸಿನಲ್ಲಿ ತಿರುಗಿಸಿದ ಮೇಲೆ -24.1 ಆಯಿತು. ಆ ಕಿಟಕಿಯನ್ನು ಮಳೆ ಬಂದಾಗಲೆಲ್ಲ ಬಿಗಿಯಾಗಿ ಮುಚ್ಚುತ್ತಿದ್ದವನು ನಾನೇ.

ಉಳಿದ ನಷ್ಟ ಸಿಕ್ಕಿದ್ದು ಮುಸ್ಸಂಜೆಯಲ್ಲಿ, ತೋಟದ ಅಂಚಿನ ಹಲಸಿನ ಮರದಲ್ಲಿ. ಮೂರು ವರ್ಷದ ಹಿಂದೆ ಕೇಬಲ್ ಎಳೆದಾಗ ಕೊಂಬೆಗೆ ಕಬ್ಬಿಣದ ಕಟ್ಟುತಂತಿಯಿಂದ ಬಿಗಿದಿದ್ದರು. ಕೊಂಬೆ ದಪ್ಪಗಾದಂತೆ ತಂತಿ ಕೇಬಲ್ಲಿನ ಕಪ್ಪು ಹೊದಿಕೆಯನ್ನು ಕಚ್ಚಿ ಸೀಳಿತ್ತು, ಸೀಳಿನಲ್ಲಿ ಕೆಂಪು ಬೆಳಕು ಕಾಣುತ್ತಿತ್ತು. 24ರಂದು 70 ಮೀಟರ್ ಹೊಸ ಕೇಬಲ್ ಹಾಕಿ ಯಂತ್ರದಿಂದ ಬೆಸೆದರು. ಮೀಟರಿಗೆ 12 ರೂಪಾಯಿಯಂತೆ 840, ಬೆಸುಗೆಗೆ 500, ಒಟ್ಟು 1,340. ಅಂತಿಮ ಮಟ್ಟ -20.4.

ಅಂದು ರಾತ್ರಿ 1,000 ಪಿಂಗ್ ಕಳಿಸಿದೆ, ಒಂದೂ ಕಳೆಯಲಿಲ್ಲ. ಮರುದಿನ, ಬುಧವಾರ, 10:40ಕ್ಕೆ ಪರದೆ ಮತ್ತೆ ನಿಂತಿತು.

ನಿರಾಶೆಯಾದದ್ದು ನಿಜ, ಆದರೆ ಅಷ್ಟೂ ದಿನ ನಾನು ಎರಡು ಬೇರೆ ರೋಗಗಳನ್ನು ಒಂದೆಂದು ಎಣಿಸಿದ್ದೆನೆಂಬುದು ಆಗ ಸ್ಪಷ್ಟವಾಯಿತು. ಬೆಳಕು ಸಾಲದಿದ್ದರೆ ಪಿಂಗ್ ಕಳೆಯುತ್ತದೆ, ಸಂಪರ್ಕ ಕಡಿಯುತ್ತದೆ. ನನ್ನ ಮುಖ್ಯ ದೂರು ಅದಾಗಿರಲಿಲ್ಲ. ನನ್ನ ಸೊನ್ನೆ ಕಳೆದುಹೋಗಿರಲಿಲ್ಲ, ಎಲ್ಲಿಯೋ ಸಾಲಿನಲ್ಲಿ ನಿಂತು ತಡವಾಗಿ ಬಂದಿತ್ತು.

ಹಂತ 4. ಜೂನ್ 26ರಿಂದ 30: ಗಡಿಯಾರದೊಂದಿಗೆ ತಾಳೆ

ಲೆಕ್ಕದವನು ಮೊದಲೇ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದೆ. ಪ್ರತಿ ಸೆಕೆಂಡಿಗೊಂದು ಪಿಂಗನ್ನು ಮೂರು ವಿಳಾಸಗಳಿಗೆ ಕಳಿಸಿ, ಸಮಯದ ಗುರುತಿನೊಂದಿಗೆ ಕಡತಕ್ಕೆ ಬರೆಯುವ ಸಣ್ಣ ಸ್ಕ್ರಿಪ್ಟ್ ಒಂದನ್ನು ಬೆಳಗಿನಿಂದ ಸಂಜೆಯವರೆಗೆ ಓಡಿಸಿದೆ. ಮೊದಲನೆಯದು ಮನೆಯ ಓಎನ್‌ಟಿ, ಎರಡನೆಯದು ದಾರಿಯ ಒಂದೊಂದು ಹೆಜ್ಜೆಯನ್ನೂ ತೋರಿಸುವ ಟ್ರೇಸ್‌ರೂಟಿನಲ್ಲಿ ಓಎನ್‌ಟಿಯ ನಂತರ ಕಾಣುವ ಕಂಪನಿಯ ಗೇಟ್‌ವೇ (ಅವರ ಜಾಲದ ಹೆಬ್ಬಾಗಿಲು), ಮೂರನೆಯದು 8.8.8.8. 26ರ ಗುರುವಾರ 10:38ರವರೆಗೆ ಮೂರೂ ಕ್ರಮವಾಗಿ 1ರೊಳಗೆ, 8 ಮತ್ತು 11 ಇದ್ದವು. 10:41ಕ್ಕೆ ಓಎನ್‌ಟಿ ಮೊದಲಿನಂತೆಯೇ ಇದ್ದು, ಗೇಟ್‌ವೇ 420, 8.8.8.8 ಸುಮಾರು 425 ಆದವು. 11:22ಕ್ಕೆ ಎರಡೂ ಥಟ್ಟನೆ ಕೆಳಗಿಳಿದವು. ವಿಳಂಬ ಪೂರ್ತಿಯಾಗಿ ಹುಟ್ಟುತ್ತಿದ್ದದ್ದು ನನ್ನ ಓಎನ್‌ಟಿಗೂ ಮೊದಲ ಗೇಟ್‌ವೇಗೂ ನಡುವೆ.

ಇಲ್ಲಿ ಮತ್ತೊಂದು ತಪ್ಪು ಮಾಡಿದೆ. ಕಚೇರಿಯ ಸರ್ವರಿಗೆ ಟ್ರೇಸ್‌ರೂಟ್ ತೆಗೆದಾಗ ಐದನೆಯ ಹೆಜ್ಜೆಯಲ್ಲಿ 180 ಮಿಲಿಸೆಕೆಂಡು ಕಂಡಿತು. ಅದನ್ನು ಕೆಂಪು ಗೆರೆಯಿಂದ ಸುತ್ತುಹಾಕಿ, ಸ್ವಲ್ಪ ಖಾರವಾಗಿಯೇ ಕಂಪನಿಗೆ ದೂರು ಬರೆದೆ. ಅಲ್ಲಿನ ಎಂಜಿನಿಯರ್ ತಾಳ್ಮೆಯಿಂದ ಫೋನ್ ಮಾಡಿ, ಕೊನೆಯ ಹೆಜ್ಜೆಯ ಅಂಕಿಯನ್ನು ಓದಿ ಹೇಳಿ ಎಂದರು. ಅದು 14 ಇತ್ತು. ನಡುವಿನ ರೂಟರುಗಳು ಹಾದುಹೋಗುವ ದಟ್ಟಣೆಯನ್ನು ಮೊದಲು ಸಾಗಿಸಿ ತಮಗೇ ಬಂದ ಪಿಂಗಿಗೆ ಬಿಡುವಾದಾಗ ಉತ್ತರಿಸುತ್ತವೆ. ಐದನೆಯ ಮನೆಯವರು ಬಾಗಿಲು ತೆರೆಯಲು ತಡಮಾಡಿದರೆಂದರೆ ಬೀದಿಯಲ್ಲಿ ತಡೆಯಿದೆ ಎಂದಲ್ಲ. ದೂರನ್ನು ಹಿಂದಕ್ಕೆ ಪಡೆದೆ.

ಹಾಗಾದರೆ 10:40ಕ್ಕೆ ನಮ್ಮ ಮನೆಯಲ್ಲಿ ಏನಾಗುತ್ತದೆ? ಅಡಿಕೆ ಒಣಗಿಸುವ ಅಂಗಳದ ಎರಡು ಕ್ಯಾಮೆರಾಗಳ ಮೇಲೆ ಮೊದಲ ಗುಮಾನಿ ಹೋಯಿತು. ತಾಡಪಾಲು ಗಾಳಿಗೆ ಬಡಿದುಕೊಂಡರೂ ಅವು ಕಳ್ಳ ಬಂದನೆಂದು ವಿಡಿಯೊ ಏರಿಸುತ್ತವೆ. ಆದರೆ ಎರಡೂ ಸೇರಿ 4 ಎಂಬಿಪಿಎಸ್ ದಾಟುವುದಿಲ್ಲ. ಅವನ್ನು ಆರಿಸಿದ 27ರಂದು ತಡೆ ಬಂದೇ ಬಂತು.

30ರ ಸೋಮವಾರ ಲ್ಯಾಪ್‌ಟಾಪಿನಲ್ಲಿ ಅಂಕಿಗಳು 8ರಿಂದ 400ಕ್ಕೆ ಹಾರಿದ ಕ್ಷಣವೇ ಎದ್ದು ಮನೆಯೆಲ್ಲ ಸುತ್ತಿದೆ. ನಡುಮನೆಯಲ್ಲಿ ಅಮ್ಮ ತಿಂಡಿಯ ಪಾತ್ರೆ ಮುಗಿಸಿ ಬಂದು ಮೊಬೈಲನ್ನು ಚಾರ್ಜಿಗೆ ಹಾಕಿ, ಹೂವು ಕಟ್ಟಲು ಕುಳಿತಿದ್ದರು. ಮೊಬೈಲಿನ ಪರದೆಯ ಮೇಲೆ ಒಂದು ಸಾಲು: 312 ಫೈಲುಗಳು ಬ್ಯಾಕಪ್ ಆಗುತ್ತಿವೆ. ಚಾರ್ಜಿನಲ್ಲಿದ್ದು ವೈಫೈ ಇದ್ದರೆ ಮಾತ್ರ ಬ್ಯಾಕಪ್ ಮಾಡು ಎಂದು ಹೋದ ದೀಪಾವಳಿಯಲ್ಲಿ ಹೊಂದಿಸಿಕೊಟ್ಟವನು ನಾನೇ. ಬಂಧುಬಳಗದವರು ಮುಂಜಾನೆ ಕಳಿಸುವ ಶುಭೋದಯದ ವಿಡಿಯೊಗಳು, ರಥೋತ್ಸವಗಳು, ಮೊಮ್ಮಕ್ಕಳ ನೃತ್ಯ, ಎಲ್ಲವೂ ದಿನಾ ಅದೇ ಹೊತ್ತಿಗೆ 19 ಎಂಬಿಪಿಎಸ್‌ನ ಏರಿಕೆಯ ದಾರಿಯನ್ನು ತುಂಬಿ ಹರಿಯುತ್ತಿದ್ದವು. ಓಎನ್‌ಟಿ ತನಗೆ ಸಾಗಿಸಲಾಗದ್ದನ್ನು ಬಿಸಾಡದೆ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತಿತ್ತು. ನನ್ನ ಸೊನ್ನೆ ಆ ಸಾಲಿನ ಕೊನೆಗೆ ನಿಲ್ಲುತ್ತಿತ್ತು. ಚಾರ್ಜರ್ ತೆಗೆದೆ: ಕೆಲವೇ ಸೆಕೆಂಡುಗಳಲ್ಲಿ 430ರಿಂದ 12. ಹಾಕಿದೆ: ಮತ್ತೆ 400. ಮೂರು ಸಲ ಹೀಗೆ ಮಾಡುವಷ್ಟರಲ್ಲಿ ಅಮ್ಮ, ಪ್ಲಗ್ಗು ಸಡಿಲವಾಗಿದೆಯೇ ಎಂದು ಕೇಳಿದರು.

ಮೊದಲ ಸೋಮವಾರ, ಮಂಗಳವಾರ ಎಲ್ಲ ಸರಿಯಿದ್ದದ್ದಕ್ಕೂ ಕಾರಣ ಸಿಕ್ಕಿತು. ಆ ಎರಡು ದಿನ ಅಮ್ಮ ತಂಗಿಯ ಮನೆಗೆ ಹೋಗಿದ್ದರು. ಆ ಯಶಸ್ಸನ್ನು ನಾನು 2,899 ರೂಪಾಯಿಯ ರೂಟರಿನ ಖಾತೆಗೆ ಜಮಾ ಮಾಡಿದ್ದೆ.

ಹಂತ 5. ಜುಲೈ 1ರಿಂದ 12: ಸಾಲನ್ನು ಹಿಡಿತಕ್ಕೆ ತಂದದ್ದು

ಬ್ಯಾಕಪ್ಪನ್ನು ರಾತ್ರಿಗೆ ಸರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನಾನೇ ಸ್ಕ್ಯಾನ್ ಮಾಡಿದ ಬಿಲ್ಲುಗಳ 600 ಎಂಬಿ ಕಡತವನ್ನು ಕಚೇರಿಗೆ ಕಳಿಸಿ ನೋಡಿದಾಗಲೂ ಪಿಂಗ್ 430ಕ್ಕೆ ಏರಿತು. ರೋಗ ಅಮ್ಮನ ಮೊಬೈಲಿನದಲ್ಲ, ಸಾಲಿನದು. ದಟ್ಟಣೆಯನ್ನು ಸಂಪರ್ಕದ ಸಾಮರ್ಥ್ಯಕ್ಕಿಂತ ತುಸು ಕಡಿಮೆಗೆ ತಾನೇ ಮಿತಗೊಳಿಸಿ, ಪ್ರತಿಯೊಂದು ಹರಿವಿಗೂ ಸರದಿ ಕೊಡುವ ಎಸ್‌ಕ್ಯೂಎಂ ಎಂಬ ವ್ಯವಸ್ಥೆ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ತಂತ್ರಾಂಶದಲ್ಲಿದೆ. ನನ್ನ ಹೊಸ ರೂಟರಿಗೆ ಆ ತಂತ್ರಾಂಶ ಲಭ್ಯವಿರಲಿಲ್ಲ. ಅದರಲ್ಲಿದ್ದ ಕ್ಯೂಒಎಸ್ ಎಂಬ ಸೌಕರ್ಯ ಯಾವ ಸಾಧನಕ್ಕೆ ಆದ್ಯತೆ ಎಂದಷ್ಟೇ ಕೇಳುತ್ತಿತ್ತು. ನನ್ನ ಲ್ಯಾಪ್‌ಟಾಪಿಗೆ ಆದ್ಯತೆ ಕೊಟ್ಟ ಮೇಲೂ ಸಾಲು ಓಎನ್‌ಟಿಯಲ್ಲೇ ನಿಲ್ಲುತ್ತಿದ್ದುದರಿಂದ ಪ್ರಯೋಜನವಾಗಲಿಲ್ಲ.

ಅಟ್ಟದಲ್ಲಿದ್ದ, 580 ಮೆಗಾಹರ್ಟ್ಸ್‌ನ ಹಳೆಯ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಿದೆ. ಎಸ್‌ಕ್ಯೂಎಂ ಆನ್ ಮಾಡಿದರೆ ವಿಳಂಬ ಇಳಿಯಿತು, ಆದರೆ ಪ್ರೊಸೆಸರ್ ಏದುಸಿರು ಬಿಡುತ್ತ ಇಳಿಕೆಯ ವೇಗ 31ರಲ್ಲಿ ನಿಂತಿತು. ಕೊನೆಗೆ ಶಿವಮೊಗ್ಗದಲ್ಲಿ ಎಂಟಿ7621 ಚಿಪ್ಪಿನ, 880 ಮೆಗಾಹರ್ಟ್ಸ್‌ನ ಬಳಸಿದ ರೂಟರ್ ಒಂದು 1,400 ರೂಪಾಯಿಗೆ ಸಿಕ್ಕಿತು. ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿಯ 24.10 ಆವೃತ್ತಿ ಹಾಕಿದೆ.

ಇನ್ನು ಸಾಲಾಗಿ ಮಾಡಿದ ತಪ್ಪುಗಳು.

ಜುಲೈ 3: ಓಎನ್‌ಟಿಯನ್ನು ಬ್ರಿಡ್ಜ್ ಸ್ಥಿತಿಗೆ (ರೂಟರಿನ ಕೆಲಸ ಬಿಟ್ಟು ಸಂಕೇತವನ್ನಷ್ಟೇ ದಾಟಿಸುವ ಸ್ಥಿತಿಗೆ) ತರಲೇಬೇಕೆಂದು ನಂಬಿ, ಕಂಪನಿಯ ಜಾಲಕ್ಕೆ ಹೊಗಲು ಬೇಕಾದ ಪಿಪಿಪಿಒಇ ಗುಪ್ತಪದವಾಗಲಿ ವಿಲ್ಯಾನ್ ಸಂಖ್ಯೆಯಾಗಲಿ ಗೊತ್ತಿಲ್ಲದೆ ಇದ್ದ ಹೊಂದಿಕೆಯನ್ನು ಅಳಿಸಿದೆ. ಮನೆಗೆ 26 ಗಂಟೆ ಇಂಟರ್ನೆಟ್ ಇರಲಿಲ್ಲ. ಲೈನ್‌ಮನ್ ಬಂದು ಮರಳಿ ಹೊಂದಿಸಬೇಕಾಯಿತು. ಅಳಿಸುವ ಮುನ್ನ ಆ ಪುಟದ ಒಂದು ಫೋಟೊ ಕೂಡ ತೆಗೆದಿರಲಿಲ್ಲ. ಆಮೇಲೆ ತಿಳಿದಂತೆ ಈ ಕೆಲಸಕ್ಕೆ ಬ್ರಿಡ್ಜ್ ಕಡ್ಡಾಯವೇ ಅಲ್ಲ. ಓಎನ್‌ಟಿಯ ಲ್ಯಾನ್ ಕಿಂಡಿಯಿಂದ ಶಿವಮೊಗ್ಗದ ರೂಟರಿನ ವ್ಯಾನ್ (ಹೊರಜಾಲದ) ಕಿಂಡಿಗೆ ಕೇಬಲ್ ಹಾಕಿ, ವಿಳಾಸಗಳು ಘರ್ಷಿಸದಂತೆ ರೂಟರಿನ ಒಳಜಾಲವನ್ನು 192.168.2.1ಕ್ಕೆ ಬದಲಿಸಿದರೆ ಸಾಕಾಯಿತು.

ಜುಲೈ 6: ಐದು ಸಲ ವೇಗ ಅಳೆದು, ರಾತ್ರಿ ಒಂಬತ್ತರ ಕನಿಷ್ಠ ಅಂಕಿಗಳಾದ 47.8 ಮತ್ತು 19.1 ಅನ್ನು ಆಧಾರವಾಗಿಟ್ಟು, ಅವುಗಳ ಸುಮಾರು ಶೇ. 90ರಷ್ಟನ್ನು, ಅಂದರೆ 43 ಮತ್ತು 17 ಅನ್ನು ಎಸ್‌ಕ್ಯೂಎಂನ ಕೋಷ್ಟಕದಲ್ಲಿ ತುಂಬಿ ಉಳಿಸಿದೆ. ಮನೆಯ ಇಂಟರ್ನೆಟ್ ಆಮೆಯಾಯಿತು. ಆ ಕೋಷ್ಟಕ ಕೇಳುವುದು ಕಿಲೋಬಿಟ್‌ಗಳಲ್ಲಿ. ತುಂಬಬೇಕಿದ್ದದ್ದು 43000 ಮತ್ತು 17000. ಸೊನ್ನೆಯ ತಪ್ಪಿನಿಂದ ಶುರುವಾದ ಈ ಕೆಲಸದಲ್ಲಿ ಮತ್ತೆ ಮೂರು ಸೊನ್ನೆ ಬಿಟ್ಟೆ. ಅಲ್ಲಿನ ಉಳಿದ ಆಯ್ಕೆಗಳಲ್ಲಿ ಸರದಿ ವಿಧಾನಕ್ಕೆ ಕೇಕ್, ಸ್ಕ್ರಿಪ್ಟಿಗೆ ಪೀಸ್ ಆಫ್ ಕೇಕ್, ಪ್ಯಾಕೆಟ್ಟಿನ ಹೆಚ್ಚುವರಿ ಹೊರೆಗೆ 44 ಬೈಟ್ ಆರಿಸಿದೆ.

ಜುಲೈ 7: ಸೊನ್ನೆ ಸರಿಯಾದ ಮೇಲೂ ಕಡತ ಏರಿಸುವಾಗ ಪಿಂಗ್ 400ರ ಆಸುಪಾಸಿನಲ್ಲೇ ಇತ್ತು. ಎರಡು ಸಂಜೆ ಹುಡುಕಿದ ಮೇಲೆ ಫೈರ್‌ವಾಲ್ ಪುಟದಲ್ಲಿ ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್‌ಗೆ ಗುರುತು ಬಿದ್ದಿರುವುದು ಕಂಡಿತು. ವೇಗ ಹೆಚ್ಚುತ್ತದೆಂದು ಮೊದಲ ದಿನವೇ ನಾನು ಹಾಕಿದ್ದ ಗುರುತು ಅದು. ಅದು ಆನ್ ಇದ್ದರೆ ದಟ್ಟಣೆ ಎಸ್‌ಕ್ಯೂಎಂ ಕುಳಿತ ಗೇಟಿಗೆ ಬಾರದೆ ಹಿತ್ತಲ ಬಾಗಿಲಿಂದ ಹೋಗುತ್ತದೆ. ಗುರುತು ತೆಗೆದ ಕೂಡಲೇ 19 ಮಿಲಿಸೆಕೆಂಡಿಗೆ ಬಂತು.

ಜುಲೈ 9, ಬೆಳಿಗ್ಗೆ 10:40: ಮತ್ತೆ 410. ಕೈಕಾಲು ಸೋತಿತು. ಓಎನ್‌ಟಿಯ ವೈಫೈಯನ್ನು ನಾನು ಆರಿಸಿರಲಿಲ್ಲ. ಅಮ್ಮನ ಮೊಬೈಲು ಹಳೆಯ ಹೆಸರಿಗೇ ಅಂಟಿಕೊಂಡು, ಶಿವಮೊಗ್ಗದ ರೂಟರಿನ ಕೈಗೆ ಸಿಗದೆ ನೇರವಾಗಿ ಓಎನ್‌ಟಿಯಿಂದಲೇ ವಿಡಿಯೊಗಳನ್ನು ಏರಿಸುತ್ತಿತ್ತು. ಓಎನ್‌ಟಿಯ ವೈಫೈ ಆರಿಸಿ, ಅದರ ಹೆಸರು ಮತ್ತು ಗುಪ್ತಪದವನ್ನೇ ಶಿವಮೊಗ್ಗದ ರೂಟರಿಗೆ ಕೊಟ್ಟೆ. ಕ್ಯಾಮೆರಾಗಳೂ ಮೊಬೈಲುಗಳೂ ತಾವಾಗಿಯೇ ಬಂದು ಸೇರಿಕೊಂಡವು.

12ರಂದು ತೆಗೆದ ಅಳತೆ: ಸುಮ್ಮನಿದ್ದಾಗ 11 ಮಿಲಿಸೆಕೆಂಡು, ಏರಿಕೆ ತುಂಬಿದ್ದಾಗ ಮೊದಲು 430, ಈಗ 19, ಇಳಿಕೆ ತುಂಬಿದ್ದಾಗ ಮೊದಲು 95, ಈಗ 22. ಇದಕ್ಕೆ ತೆತ್ತ ಬೆಲೆ ಎಂದರೆ ಸ್ಪೀಡ್ ಟೆಸ್ಟಿನ ಅಂಕಿ 48ರಿಂದ 41ಕ್ಕೆ ಇಳಿದದ್ದು. ಮನೆಯಲ್ಲಿ ಅದು ಯಾರ ಗಮನಕ್ಕೂ ಬಂದಿಲ್ಲ. ಆಸೆಯಿಂದ ಏರಿಕೆಯ ಮಿತಿಯನ್ನು 18500ಕ್ಕೆ ಏರಿಸಿ ನೋಡಿದೆ. ಹಗಲು ಸರಿಯಿದ್ದು ರಾತ್ರಿ ಒಂಬತ್ತರ ಮೇಲೆ 60 ದಾಟತೊಡಗಿದ್ದರಿಂದ 17000ಕ್ಕೇ ಮರಳಿದೆ.

ಖರ್ಚಿನ ಲೆಕ್ಕ

ಲ್ಯಾನ್ ಕೇಬಲ್ 150, ಕ್ಯಾಟ್ 6 ಕೇಬಲ್ 620, ಶುಚಿಗೊಳಿಸುವ ಸಾಮಗ್ರಿ 240, ಹಸಿರು ಪ್ಯಾಚ್ ಕಾರ್ಡ್ 220, ಕೇಬಲ್ ಮತ್ತು ಬೆಸುಗೆ 1,340, ಬಳಸಿದ ರೂಟರ್ 1,400. ಇವು ಉಪಯೋಗಕ್ಕೆ ಬಂದವು, ಮೊತ್ತ 3,970. ಹೊಸ ರೂಟರಿನ 2,899 ಮತ್ತು ನೀಲಿ ಪ್ಯಾಚ್ ಕಾರ್ಡಿನ 180 ಸೇರಿ 3,079 ನಷ್ಟದ ಕಡೆಗೆ. ಒಟ್ಟು 7,049. ರಜೆ ಹಾಕಿದ ಒಂದೂವರೆ ದಿನವನ್ನು ಇದರಲ್ಲಿ ಹಿಡಿದಿಲ್ಲ. ಮತ್ತೆ ಇದೇ ಕೆಲಸಕ್ಕೆ ಕೈ ಹಾಕುವುದಾದರೆ ಪೇಟೆಗೆ ಹೋಗುವ ಮೊದಲು ಮೂರು ವಿಳಾಸಗಳ ಪಿಂಗನ್ನು ಕೆಲಸದ ದಿನದಲ್ಲಿ, ಬೆಳಗಿನಿಂದ ಸಂಜೆಯವರೆಗೆ ಓಡಿಸುತ್ತೇನೆ. ಅದಕ್ಕೆ ಖರ್ಚಿಲ್ಲ.

ಆಗಸ್ಟ್ 3ರ ಸ್ಥಿತಿ

ಬೆಳಕಿನ ಮಟ್ಟ -20.5. ಕಳೆದ ಮೂರು ವಾರಗಳ ಕಡತದಲ್ಲಿ ಕೆಲಸದ ಹೊತ್ತಿನ ಗರಿಷ್ಠ ಪಿಂಗ್ 44, ಅದೂ ಒಂದೇ ಸಲ. ವಿದ್ಯುತ್ ಹೋಗಿ ಬಂದಾಗ ಓಎನ್‌ಟಿ ಮತ್ತೆ ಏಳಲು ಮೂರು ನಿಮಿಷ ಬೇಕಾಗುವುದು ಹಾಗೆಯೇ ಉಳಿದಿದೆ. 12 ವೋಲ್ಟಿನ ಸಣ್ಣ ಯುಪಿಎಸ್ ಒಂದಕ್ಕೆ ಹೇಳಿದ್ದೇನೆ. ಅಮ್ಮನ ಬ್ಯಾಕಪ್ಪಿನ ಸಮಯವನ್ನು ಬದಲಿಸಿಲ್ಲ, ಅದು ಈಗಲೂ 10:40ಕ್ಕೇ ಶುರುವಾಗುತ್ತದೆ. ಹೊಸ ಕೇಬಲ್ಲನ್ನೂ ಸದ್ಯಕ್ಕೆ ಅದೇ ಹಲಸಿನ ಕೊಂಬೆಗೆ ಕಟ್ಟಲಾಗಿದೆ, ಈ ಸಲ ತಂತಿಯ ಬದಲು ಸಡಿಲವಾದ ನೈಲಾನ್ ಹಗ್ಗದಿಂದ. ಮಳೆ ನಿಂತ ಮೇಲೆ ನಡುವೆ ಒಂದು ಕಂಬ ನೆಡುವುದಾಗಿ ಲೈನ್‌ಮನ್ ಹೇಳಿದ್ದಾರೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಏಣಿ ಹಾಕಿ ಹಗ್ಗ ಬಿಗಿಯಾಗಿದೆಯೇ ಎಂದು ನೋಡಬೇಕು.